ಉಚ್ಚಿಲಕ್ಕೆ ತುಟಿ ಬೇಡ

ಮಂಗಳೂರು–ಉಡುಪಿ–ಮಣಿಪಾಲ ಲೈನಿನಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಹರಿದವನಿಗೆ, ಯಾರು ಯಾಕೆ ಹೊರಟಿದ್ದಾರೆಂದು ಮುಖ ನೋಡಿದರೇ ಗೊತ್ತಾಗುತ್ತದೆ. ಮಡಿಲಲ್ಲಿ ಎಕ್ಸ್‌ರೇ ಕವರು ಇಟ್ಟುಕೊಂಡು ಗಳಿಗೆಗೊಮ್ಮೆ ವಾಚು ನೋಡುವವರು ದೊಡ್ಡ ಡಾಕ್ಟರನ್ನು ಕಾಣಲು ಹೋಗುವವರು. ಕ್ಯಾರಿಯರ್ ಹಿಡಿದವರು ಯಾರದೋ ಮಂಚದ ಬಳಿ ಕೂರಲು ಹೋಗುವವರು. ಹಲ್ಲಿನವರ ಲಕ್ಷಣವೇ ಬೇರೆ. ಹೋಗುವಾಗ ಕೆನ್ನೆಗೆ ಅಂಗೈ ಒತ್ತಿಕೊಂಡಿರುತ್ತಾರೆ, ಬರುವಾಗ ಬಾಯಿಗೆ ಕರವಸ್ತ್ರ ಹಿಡಿದಿರುತ್ತಾರೆ. "ಎಲ್ಲಿಗೆ?" ಎಂದು ಕೇಳಿದರೆ ಕಣ್ಣು ಅರಳಿಸುತ್ತಾರೆ, ಮಾತು ಬರುವುದಿಲ್ಲ.

ಸೂಜಿ ಚುಚ್ಚಿ ತುಟಿ ಮರಗಟ್ಟಿಸಿದ ಮೇಲೆ ಕೈಕೊಡುವ ಅಕ್ಷರಗಳು ಪ, ಬ, ಮ, ವ. ಈಗ ನಮ್ಮ ದಾರಿ ನೋಡು. ಉಡುಪಿ ಬಿಟ್ಟರೆ ಉದ್ಯಾವರ, ಕಟಪಾಡಿ, ಪಾಂಗಾಳ, ಕಾಪು, ಮೂಳೂರು, ಉಚ್ಚಿಲ, ಎರ್ಮಾಳು, ಪಡುಬಿದ್ರಿ, ಹೆಜಮಾಡಿ. ತುಟಿಯ ಸಹಾಯವಿಲ್ಲದೆ ಹೇಳಬಹುದಾದ ಊರು ಅಷ್ಟರಲ್ಲಿ ಒಂದೇ, ಉಚ್ಚಿಲ. ಒಮ್ಮೆ ನಮ್ಮೂರಿನದೇ ಹುಡುಗನೊಬ್ಬ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಸ್ಸು ಹತ್ತಿದ. "ಹೆಹಹಾಡಿ" ಎಂದ. ನಾನು ಬೇಕೆಂದೇ "ಎಂತ?" ಎಂದೆ. ಎರಡನೆಯ ಸಲಕ್ಕೆ ಜೊಲ್ಲು ಇಳಿಯಿತು. ಮೂರನೆಯ ಸಲಕ್ಕೆ ಸೋತು "ಉಚ್ಚಿಲ" ಎಂದುಬಿಟ್ಟ! ನಾನು ನಕ್ಕು ಹೆಜಮಾಡಿಗೇ ಟಿಕೆಟ್ ಕೊಟ್ಟೆ. ಆ ಹುಡುಗ ಈಗ ದುಬೈಯಲ್ಲಿದ್ದಾನೆ. ಊರಿಗೆ ಬಂದಾಗ ನನ್ನನ್ನು ಕಂಡರೆ ಇವತ್ತಿಗೂ ನಮಸ್ಕಾರದ ಬದಲು "ಉಚ್ಚಿಲ" ಎನ್ನುತ್ತಾನೆ.

ನಿನ್ನೆ ಸಂಜೆ ನೀನು ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ನಿನ್ನ ದವಡೆಯ ಪಟ ತೋರಿಸಿದೆಯಲ್ಲ, ಓಪಿಜಿಯಂತೆ, ಈ ಕಿವಿಯಿಂದ ಆ ಕಿವಿಯವರೆಗಿನ ಹಲ್ಲೆಲ್ಲ ಒಂದೇ ಪಟದಲ್ಲಿ, ಆಗ ನನಗೆ ನಮ್ಮ ಹೆಜಮಾಡಿ ಕೋಡಿಯ ಕಡಲಬದಿಯ ನೆನಪಾಯಿತು. ಮಳೆಗಾಲದಲ್ಲಿ ಹೊಯಿಗೆಯ ಮೇಲೆ ಎಳೆದು ಹಾಕಿದ ದೋಣಿಗಳು ಸಾಲಾಗಿ ಕೂತಿರುತ್ತವೆ. ಕೊನೆಯದೊಂದು ಮಾತ್ರ ಮಗ್ಗುಲಿಗೆ ಬಿದ್ದು ಪಕ್ಕದ್ದಕ್ಕೆ ಮೂತಿ ತಾಗಿಸಿಕೊಂಡಿರುತ್ತದೆ. ನಿನ್ನ ಕೆಳದವಡೆಯ ಬಲಗಡೆಯ ಕೊನೆಯ ಹಲ್ಲು ಮಲಗಿದ್ದು ಹಾಗೆ. ನಾನು ಅದನ್ನೇ ನೋಡುತ್ತಿದ್ದರೆ ನೀನು ಕೇಳಿದ್ದೇನು? "ಅಜ್ಜ, ಶನಿವಾರ ತೆಗೆಸಿದರೆ ಭಾನುವಾರ ಅಂಡರ್‌ಆರ್ಮ್ ಮ್ಯಾಚಿಗೆ ಹೋಗಬಹುದಾ?"

ಮಾರಾಯ, ಇಪ್ಪತ್ತೊಂದಕ್ಕೆ ಬುದ್ಧಿಹಲ್ಲು ಬಂದಿದೆ. ಬುದ್ಧಿ ಹಿಂದಿನ ಬಸ್ಸಿನಲ್ಲಿ ಬರುತ್ತಾ ಉಂಟೆಂದು ಕಾಣುತ್ತದೆ.

ಹೆಸರು ಕೇಳಿ ಉಬ್ಬಬೇಡ. ಹದಿನೇಳರಿಂದ ಇಪ್ಪತ್ತೈದರೊಳಗೆ, ಹುಡುಗರಿಗೆ ಬುದ್ಧಿ ಬರಬೇಕಾದ ಕಾಲದಲ್ಲಿ ಮೂಡುತ್ತದೆಂದು ಅದಕ್ಕೆ ಆ ಹೆಸರು. ಕೆಲವರು ಅಕ್ಕಲ್ ಹಲ್ಲು ಎಂದರೂ ಅರ್ಥ ಅದೇ. ನಮ್ಮ ತುಳುವಿನಲ್ಲಿ ಹಲ್ಲಿಗೆ ಕೂಲಿ ಎನ್ನುತ್ತೇವೆ. ಈ ಕೊನೆಯ ನಾಲ್ಕು ಮಾತ್ರ ಕೆಲಸ ಮಾಡದೆ ಕೂಲಿ ಕೇಳುವವು. ಹಸಿ ಮಾಂಸ, ಗಡ್ಡೆಗೆಣಸು ಜಗಿಯುತ್ತಿದ್ದ ಕಾಲದ ದವಡೆ ಉದ್ದವಿತ್ತು, ಅವಕ್ಕೂ ಜಾಗವಿತ್ತು. ಬೇಯಿಸಿ ಮೆತ್ತಗೆ ಮಾಡಿ ತಿನ್ನುವ ಅಭ್ಯಾಸವಾದ ಮೇಲೆ ದವಡೆ ಗಿಡ್ಡವಾಯಿತು, ಹಲ್ಲಿನ ಲೆಕ್ಕ ಮಾತ್ರ ಮೂವತ್ತೆರಡಕ್ಕೇ ನಿಂತಿತು. ನಲವತ್ತು ಸೀಟಿನ ಬಸ್ಸಿಗೆ ನಲವತ್ತನಾಲ್ಕು ಮಂದಿ. ಕೊನೆಗೆ ಹತ್ತಿದವ ಫುಟ್‌ಬೋರ್ಡಿನಲ್ಲಿ ಓರೆಯಾಗಿ ನೇತಾಡದೆ ಇನ್ನೇನು ಮಾಡುತ್ತಾನೆ? ಐದರಲ್ಲಿ ಒಬ್ಬರಿಗೆ ಸುಮಾರಾಗಿ ಇವುಗಳಲ್ಲಿ ಒಂದಾದರೂ ಹುಟ್ಟುವುದೇ ಇಲ್ಲ. ನಿನ್ನ ಅಜ್ಜಿಗೆ ನಾಲ್ಕೂ ಬರಲಿಲ್ಲ. ಆದರೂ ಈ ಮನೆಯ ಲೆಕ್ಕಪತ್ರ ಯಾರ ಕೈಯಲ್ಲಿದೆ, ನಿನಗೇ ಗೊತ್ತು.

ಎಲ್ಲರೂ ತೆಗೆಸಬೇಕೆಂದೇನೂ ಇಲ್ಲ, ಇದನ್ನು ಮೊದಲು ತಲೆಗೆ ಹಾಕಿಕೋ. ಹಾಸ್ಟೆಲಿನ ರೂಮ್‌ಮೇಟ್ ತೆಗೆಸಿದ ಎಂದು ನೀನು ತೆಗೆಸುವುದಲ್ಲ. ಒಂದು ಕಾಲಕ್ಕೆ ಕಂಡಕಂಡವರ ಬುದ್ಧಿಹಲ್ಲನ್ನೆಲ್ಲ ಕೀಳುವ ರೂಢಿಯಿತ್ತು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸಂಸ್ಥೆಯೇ 2000ನೇ ಇಸವಿಯಲ್ಲಿ, ಕಾಯಿಲೆಯಿಲ್ಲದ ಬುದ್ಧಿಹಲ್ಲಿನ ತಂಟೆಗೆ ಹೋಗಬೇಡಿ ಎಂದಿತು. ನೆಟ್ಟಗೆ ಬಂದು, ಮೇಲಿನದು ಕೆಳಗಿನದು ಸರಿಯಾಗಿ ಕೂತು, ಬ್ರಶ್ ತಲುಪುತ್ತದೆಂದಾದರೆ ಅದರ ಪಾಡಿಗೆ ಅದನ್ನು ಬಿಡು. ನಿನ್ನದು ಹಾಗಲ್ಲ. ಅರ್ಧ ಹೊರಗೆ, ಅರ್ಧ ಒಸಡಿನ ಚೀಲದೊಳಗೆ. ಆ ಚೀಲದಲ್ಲಿ ಅನ್ನದ ಅಗುಳು ಕೂತು ಕೊಳೆಯುತ್ತದೆ, ಕೀವಾಗುತ್ತದೆ, ಬಾಯಿ ಬಿಡಲಾಗದಷ್ಟು ಬಿಗಿಯುತ್ತದೆ. ಮಾತ್ರೆ ನುಂಗಿದರೆ ನಾಲ್ಕು ದಿನಕ್ಕೆ ಇಳಿಯುತ್ತದೆ. ನೀನು ಗುಣವಾಯಿತೆಂದು ತಿಳಿಯುತ್ತೀ. ಮೂರು ತಿಂಗಳಿಗೆ ಮತ್ತೆ ಶುರು. ಅದಕ್ಕಿಂತ ದೊಡ್ಡ ನಷ್ಟವೆಂದರೆ ಪಕ್ಕದ ಒಳ್ಳೆಯ ದವಡೆಹಲ್ಲು. ಮಲಗಿದವ ಅದಕ್ಕೆ ಒರಗಿ ಸಂದಿಯಲ್ಲಿ ಹುಳುಕು ಹಿಡಿಸಿದರೆ, ಕೂಲಿ ಮಾಡುವವನೂ ಹೋದ.

ಈ ವರ್ಷದಲ್ಲಿ ಎರಡು ಸಲ ಕೆನ್ನೆ ಊದಿಸಿಕೊಂಡು, ಎರಡು ಸಲವೂ ಲವಂಗ ಕಚ್ಚಿ ಸುಮ್ಮನಾದೆ. ಬಿಸಿನೀರಿನ ಚೀಲ ಬೇರೆ ಇಟ್ಟೆ. ಕೀವು ಕೂತ ಕೆನ್ನೆಗೆ ಹೊರಗಿನಿಂದ ಶಾಖ ಕೊಡುವುದು ಸರಿಯಲ್ಲ ಎಂದು ನಾನು ಹೇಳಿದರೆ ನೀನು ಇಯರ್‌ಫೋನ್ ಹಾಕಿಕೊಂಡೆ. ತೆಗೆಸುವುದು ಖಂಡಿತವಾದ ಮೇಲೆ ನಿನ್ನ ಪ್ರಾಯದಲ್ಲೇ ತೆಗೆಸುವುದು ಲೇಸು. ಎಲುಬು ಇನ್ನೂ ಬಿರುಸಾಗಿಲ್ಲ, ಗಾಯ ಬೇಗ ಕೂಡುತ್ತದೆ. ನಲವತ್ತರ ಮೇಲೆ ಅದೇ ಹಲ್ಲು ಹಳೇ ಹಲಸಿನ ಬೇರಿನಂತೆ ಕೂತಿರುತ್ತದೆ.

ಮಣಿಪಾಲದ ಹಲ್ಲಿನ ಕಾಲೇಜಿಗೆ ಹೋಗಲು ನಿನಗೆ ಹೆದರಿಕೆ, "ಅಲ್ಲಿ ಸ್ಟೂಡೆಂಟ್ಸ್ ಕೀಳುತ್ತಾರೆ" ಎಂದು. ನೀನು ಯಾರೆಂದುಕೊಂಡೆ, ನೀನೂ ಸ್ಟೂಡೆಂಟೇ ಅಲ್ಲವಾ? ಡಾಕ್ಟರ್ ಟಿ. ಎಂ. ಎ. ಪೈಗಳು ಆ ಬೋಳುಗುಡ್ಡದ ಮೇಲೆ 1953ರಲ್ಲಿ ಮೆಡಿಕಲ್ ಕಾಲೇಜು ಮಾಡಿದರು, 1965ರಲ್ಲಿ ಹಲ್ಲಿನ ಕಾಲೇಜು ಶುರುವಾಯಿತು. ಅಂದಿನಿಂದ ಈ ಕರಾವಳಿಯ ಎಷ್ಟು ಬಾಯಿಗಳು ಅಲ್ಲಿನ ಕುರ್ಚಿಯಲ್ಲಿ ತೆರೆದಿವೆ ಎಂದು ನನ್ನ ಟಿಕೆಟ್ ಪುಸ್ತಕಕ್ಕೆ ಗೊತ್ತು. ಕಲಿಯುವವರು ಕೈ ಹಾಕುವಾಗ ಕಲಿಸುವವರು ಹಿಂದೆ ನಿಂತಿರುತ್ತಾರೆ. ಸಾಲು ಇರುತ್ತದೆ, ಕಾಯಬೇಕು. ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಕೇಳುತ್ತಾರೆ, ಹೇಳಬೇಕು. ನಿನಗೆ ಕಷ್ಟವಾಗುವುದು ಅದೇ, ಸೂಜಿಯಲ್ಲ. ಅಲ್ಲಿಗೇ ಹೋಗಬೇಕೆಂದು ನನ್ನ ಹಟವಿಲ್ಲ. ಪಡುಬಿದ್ರಿಯಲ್ಲೋ ಮೂಲ್ಕಿಯಲ್ಲೋ ಕಲಿತ ಸರ್ಜನ್ ಕೈಯಿಂದ ಆದರೂ ಸರಿ. ಆದರೆ ಈ ಹಲ್ಲಿನ ಬೇರು ತುಟಿಗೆ ಹೋಗುವ ನರಕ್ಕೆ ಎಷ್ಟು ಹತ್ತಿರ ಎಂದು ಬಾಯಿಬಿಟ್ಟು ಕೇಳು. ಕೆಳದವಡೆಯ ಎಲುಬಿನೊಳಗೆ ಆ ನರ ಓಡುತ್ತದೆ. ಅದಕ್ಕೆ ಪೆಟ್ಟಾದರೆ ಕೆಳತುಟಿ, ಗಲ್ಲ ಕೆಲವು ವಾರ, ಕೆಲವು ತಿಂಗಳು ಜೋಮು ಹಿಡಿದಿರಬಹುದು. ಅಪರೂಪಕ್ಕೆ ಹಾಗೆಯೇ ಉಳಿಯುವುದೂ ಉಂಟು. ಮೊದಲೇ ಕೇಳಿದವ ಆಮೇಲೆ ಹೌಹಾರುವುದಿಲ್ಲ. ನೀನು ನುಂಗುವ ಮಾತ್ರೆಯಿದ್ದರೆ ಹೇಳು, ಯಾವ ಮದ್ದು ಆಗುವುದಿಲ್ಲ ಎಂದೂ ಹೇಳು. ಸಿಗರೇಟಿನ ಸಂಗತಿಯನ್ನೂ ಹೇಳು. ನನಗೆ ಗೊತ್ತಿಲ್ಲವೆಂದು ತಿಳಿದೆಯಾ? ಬಾವಿಕಟ್ಟೆಯ ಹಿಂದಿನ ಹೊಗೆ ಮಂಜು ಎಂದು ನಂಬಲು ಇದು ಮಡಿಕೇರಿಯಲ್ಲ.

ಹೋಗುವ ದಿನ ಹೊಟ್ಟೆ ತುಂಬ ತಿಂಡಿ ತಿಂದು ಹೋಗು. ಜಾಗ ಮಾತ್ರ ಮರಗಟ್ಟಿಸಿ ತೆಗೆಯುವುದಾದರೆ ಖಾಲಿ ಹೊಟ್ಟೆ ಬೇಡ, ತಲೆ ತಿರುಗುತ್ತದೆ. ಪೂರ್ತಿ ಪ್ರಜ್ಞೆ ತಪ್ಪಿಸುವುದಾದರೆ ಮಾತ್ರ ಅವರು ಹೇಳಿದಷ್ಟು ಗಂಟೆ ಉಪವಾಸ. ಬೈಕು ಒಯ್ಯಬೇಡ.

ಕುರ್ಚಿಯಲ್ಲಿ ಆಗುವುದೇನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ರಾತ್ರಿಯಿಡೀ ವಿಡಿಯೋ ನೋಡಿ ಬೆವರುತ್ತೀ. ಸೂಜಿ ಚುಚ್ಚುವಾಗ ಇರುವೆ ಕಚ್ಚಿದ್ದಕ್ಕಿಂತ ಸ್ವಲ್ಪ ಹೆಚ್ಚು, ಚಗಳಿ ಕಚ್ಚಿದ್ದಕ್ಕಿಂತ ಕಡಿಮೆ. ಐದು ನಿಮಿಷಕ್ಕೆ ತುಟಿ ದಪ್ಪಗಾಗಿ ಪಕ್ಕದ ಮನೆಯವನದು ಎನಿಸುತ್ತದೆ. ಅಷ್ಟಾದ ಮೇಲೆ ನೋವಿಲ್ಲ. ಆದರೆ ಒತ್ತಡ ಗೊತ್ತಾಗುತ್ತದೆ, ಸದ್ದು ಕೇಳುತ್ತದೆ. ಮಲಗಿದ ಹಲ್ಲು ಇಡಿಯಾಗಿ ಬರುವುದಿಲ್ಲ. ಒಸಡು ಬಿಡಿಸಿ, ನೀರು ಬಿಡುತ್ತಾ ಎಲುಬು ಸ್ವಲ್ಪ ಕೊರೆದು, ಹಲ್ಲನ್ನು ಎರಡೋ ಮೂರೋ ತುಂಡು ಮಾಡಿ ತೆಗೆಯುತ್ತಾರೆ. ತುಂಡಾಗುವಾಗ ತಲೆಯೊಳಗೆ ಒಣಕಟ್ಟಿಗೆ ಲಟಕ್ ಎಂದಂತಾಗುತ್ತದೆ. ಅದು ಹಲ್ಲಿನ ಸದ್ದು, ನಿನ್ನದಲ್ಲ. ಕಡೆಗೆ ಎರಡು ಹೊಲಿಗೆ. ಕಪ್ಪು ದಾರದ ತುದಿ ನಾಲಿಗೆಗೆ ಮೀಸೆಯಂತೆ ತಾಗುತ್ತದೆ, ಮುಟ್ಟಿ ಮುಟ್ಟಿ ನೋಡಬೇಡ. ವಾರ ಬಿಟ್ಟು ತೆಗೆಯುತ್ತಾರೆ.

ಡಾಕ್ಟರ ಕೆಲಸ ಅಲ್ಲಿಗೆ ಮುಗಿಯಿತು, ಮುಕ್ಕಾಲು ಗಂಟೆ. ಉಳಿದ ಕೆಲಸ ನಿನ್ನದು. ಆ ಕೆಲಸದ ಹೆಸರು ಸುಮ್ಮನಿರುವುದು. ನನ್ನ ಹೆದರಿಕೆ ಇರುವುದೇ ಅಲ್ಲಿ.

ಹಲ್ಲು ಹೋದ ಗುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಕೊಳಕೆಂದು ತಿಳಿಯಬೇಡ, ಮದ್ದೇ ಅದು. ಅದರಡಿಯಲ್ಲಿ ಎಲುಬು, ಅದರ ಆಸರೆಯಲ್ಲಿ ಹೊಸ ಮಾಂಸ. ಗದ್ದೆಯಲ್ಲಿ ನೇಜಿ ನೆಟ್ಟ ಮೇಲೆ ಬೇರು ಬಿಟ್ಟಿತಾ ಎಂದು ಯಾರಾದರೂ ದಿನಾ ಕಿತ್ತು ನೋಡುತ್ತಾರಾ? ನೀನು ನೋಡುವವ. ಸಣ್ಣವನಿರುವಾಗ ಮಾವಿನ ಗೊರಟು ಹೂತು ದಿನಕ್ಕೆರಡು ಸಲ ತೆಗೆದು ನೋಡಿದವ ನೀನು. ಈಗ ಮೊಬೈಲ್ ಟಾರ್ಚು ಬೇರೆ ಉಂಟು ಕೈಯಲ್ಲಿ.

ನನ್ನ ಕಥೆ ಕೇಳು. 1986. ಹೆಜಮಾಡಿ ಆಗ ದಕ್ಷಿಣ ಕನ್ನಡದಲ್ಲೇ ಇತ್ತು, ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ನನಗೆ ಇಪ್ಪತ್ತೇಳು. ಒಂದು ಕ್ಲಿನಿಕ್ಕಿನಲ್ಲಿ ಕೆಳಗಿನ ಹಲ್ಲು ತೆಗೆಸಿದೆ. ಡಾಕ್ಟರು ಒಳ್ಳೆಯವರು, ಚೀಟಿಯಲ್ಲಿ ಬರೆದೂ ಕೊಟ್ಟರು, ಬಾಯಲ್ಲೂ ಹೇಳಿದರು: ಮೂರು ದಿನ ರಜೆ, ಬೀಡಿ ಬೇಡ, ಉಗಿಯಬೇಡ, ಏನನ್ನೂ ಊದಬೇಡ, ಹೀರಬೇಡ. ಎರಡನೆಯ ದಿನ ನೋವು ಅಷ್ಟೇನಿಲ್ಲ ಎಂದು ನಾನು ಡ್ಯೂಟಿಗೆ ಹತ್ತಿದೆ. ನನ್ನನ್ನು ಯಾರೂ ಕರೆದಿರಲಿಲ್ಲ. ಕಂಡಕ್ಟರನಿಗೆ ವಿಷಲ್ ಊದದೆ ಉಂಟಾ? ನಿಲ್ಲಲು ಒಂದು, ಹೊರಡಲು ಎರಡು. ಮಂಗಳೂರಿಂದ ಉಡುಪಿಗೆ ಹೋಗಿ ಬರುವಷ್ಟರಲ್ಲಿ ಕಡಿಮೆಯೆಂದರೂ ನೂರು ಊದು. "ರೈಟ್ ಪೋಯಿ" ಎಂದು ಕೂಗಿದ್ದು ಲೆಕ್ಕಕ್ಕಿಲ್ಲ. ಸಂಜೆ ಬಸ್ಸು ತೊಳೆಯುವಲ್ಲಿ ನಿಂತು, ಅಮ್ಮನೇ ಕಟ್ಟಿದ ಬೀಡಿ ಎರಡು ಎಳೆದೆ. ಮನೆಯಲ್ಲೇ ಕಟ್ಟಿದ್ದು, ಏನಾಗುತ್ತದೆ ಎಂಬ ಧೈರ್ಯ.

ಮೂರನೆಯ ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಹಲ್ಲಿನ ನೋವಲ್ಲ ಅದು. ಕಿವಿಯೊಳಗೆ ಯಾರೋ ಬೈರಿಗೆ ತಿರುಗಿಸುತ್ತಿದ್ದರು. ಅಲ್ಲಿಂದ ಹಣೆಗೆ, ಕುತ್ತಿಗೆಗೆ. ಬಾಯಿಂದ ನನಗೇ ತಡೆಯಲಾಗದ ವಾಸನೆ. ಗೋಡೆಗೆ ಹಣೆ ಒತ್ತಿ ನಿಂತು ಬೆಳಗು ಮಾಡಿದೆ. ಡಾಕ್ಟರು ಬಾಯಿಯೊಳಗೆ ಬೆಳಕು ಬಿಟ್ಟರು. ಗುಳಿ ಬರಿದಾಗಿತ್ತು, ತಳದಲ್ಲಿ ಎಲುಬು ಬೆಳ್ಳಗೆ ಕಾಣುತ್ತಿತ್ತಂತೆ. ಹೆಪ್ಪು ಹಾರಿಹೋಗಿತ್ತು. ಡ್ರೈ ಸಾಕೆಟ್ ಎಂದು ಅದರ ಹೆಸರು. ಅವರು ಬೈಯಲಿಲ್ಲ. ಅಂಗಿಯ ಜೇಬಿನಿಂದ ಇಣುಕುತ್ತಿದ್ದ ವಿಷಲನ್ನು ಎರಡು ಬೆರಳಲ್ಲಿ ಎತ್ತಿ ಮೇಜಿನ ಮೇಲಿಟ್ಟರು, ಅಷ್ಟೇ. ಗುಳಿಯನ್ನು ತೊಳೆದು ಲವಂಗದೆಣ್ಣೆಯ ವಾಸನೆಯ ಮದ್ದು ತುಂಬಿದರು. ಅರ್ಧ ಗಂಟೆಯಲ್ಲಿ ನೋವು ಇಳಿದಾಗ ನನಗೆ ಅಳು ಬಂತು. ಒಂದು ದಿನ ಬಿಟ್ಟು ಒಂದು ದಿನ ಹೋಗಿ ನಾಲ್ಕು ಸಲ ಮದ್ದು ಬದಲಿಸಿಕೊಂಡೆ. ಮೂರು ದಿನದ ರಜೆ ಉಳಿಸಹೋಗಿ ಹತ್ತು ದಿನ ಕೂತೆ.

ಇನ್ನು ನಿನಗೆ. ಕಚ್ಚಲು ಕೊಟ್ಟ ಹತ್ತಿಬಟ್ಟೆಯನ್ನು ಅವರು ಹೇಳಿದಷ್ಟು ಹೊತ್ತು, ಅರ್ಧದಿಂದ ಒಂದು ಗಂಟೆ, ಒತ್ತಿ ಕಚ್ಚು. ನಡುವೆ ತೆಗೆದು ತೆಗೆದು ನೋಡಬೇಡ. ಜೊಲ್ಲಿನಲ್ಲಿ ಕೆಂಪು ಕಂಡರೆ ಬೊಬ್ಬೆ ಹೊಡೆಯಬೇಡ, ಒಂದು ತೊಟ್ಟು ರಕ್ತ ಬಾಯಿ ತುಂಬ ಬಣ್ಣ ಮಾಡುತ್ತದೆ. ಉಗಿಯಬೇಡ, ನುಂಗು. ಹರಿಯುವ ರಕ್ತ ನಿಲ್ಲದಿದ್ದರೆ ಇನ್ನೊಂದು ಶುಚಿಯಾದ ಹತ್ತಿಬಟ್ಟೆ ಮಡಚಿಟ್ಟು ಅರ್ಧ ಗಂಟೆ ಬಲವಾಗಿ ಕಚ್ಚು. ಅದಕ್ಕೂ ನಿಲ್ಲದಿದ್ದರೆ ಫೋನು ಮಾಡು. ರಾತ್ರಿ ತಲೆಗೆ ಎರಡು ದಿಂಬು. ಮರಗಟ್ಟಿದ್ದು ಇಳಿಯಲು ಎರಡು ಮೂರು ಗಂಟೆ ಬೇಕು, ಅಷ್ಟರೊಳಗೆ ಬಿಸಿ ಚಾ ಕುಡಿದರೆ ತುಟಿ ಸುಟ್ಟದ್ದೂ ತಿಳಿಯುವುದಿಲ್ಲ. ತುಟಿ ಕಚ್ಚಿಕೊಂಡು ಗಾಯ ಮಾಡಿಕೊಂಡವರನ್ನೂ ನೋಡಿದ್ದೇನೆ. ನೋವಿನ ಮಾತ್ರೆಯನ್ನು ನೋವು ಬಂದ ಮೇಲೆ ಎಂದು ಕಾಯಬೇಡ, ಮರಗಟ್ಟಿದ್ದು ಇಳಿಯುವ ಮೊದಲೇ ಮೊದಲನೆಯದು ಹೊಟ್ಟೆಗೆ ಹೋಗಿರಲಿ, ಏನಾದರೂ ತಿಂದು. ಮನೆಯ ಡಬ್ಬಿಯಲ್ಲಿರುವ ಆಸ್ಪಿರಿನ್ ಮುಟ್ಟಬೇಡ, ರಕ್ತ ನಿಲ್ಲದು. ಮೆಟ್ರೊನಿಡಜೋಲ್ ಬರೆದುಕೊಟ್ಟಿದ್ದರೆ ಸ್ನೇಹಿತರ ಬರ್ತ್‌ಡೇ ಪಾರ್ಟಿ ಕಡೆ ತಲೆ ಹಾಕಬೇಡ. ಅದಕ್ಕೂ ಬಾಟಲಿಗೂ ಆಗಿಬರುವುದಿಲ್ಲ, ವಾಂತಿಯಾಗಿ ಹೊಲಿಗೆ ಹರಿದೀತು. ಆಂಟಿಬಯೋಟಿಕ್ ಎಷ್ಟು ಬರೆದಿದ್ದಾರೋ ಅಷ್ಟನ್ನೂ ಮುಗಿಸು.

ಮೊದಲ ದಿನ ಐಸು. ಬೈರಾಸಿನಲ್ಲಿ ಸುತ್ತಿ ಕೆನ್ನೆಗೆ ಹತ್ತು ನಿಮಿಷ ಇಡು, ಹತ್ತು ನಿಮಿಷ ಬಿಡು. ಫ್ರಿಜ್ಜಿನ ಐಸು ಮಾರಾಯ, ಕೋಡಿಯಲ್ಲಿ ಮೀನಿನ ಪೆಟ್ಟಿಗೆಗೆ ಹಾಕುವುದನ್ನು ಎತ್ತಿಕೊಂಡು ಬರಬೇಡ, ಬೆಕ್ಕು ಹಿಂದೆ ಬಂದೀತು. ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರು, ಊಟವಾದ ಮೇಲೆಲ್ಲ. ಗಳಗಳ ಮುಕ್ಕಳಿಸುವುದಲ್ಲ. ಬಾಯಿಗೆ ಹಾಕಿ ತಲೆಯನ್ನು ಆಚೆ ಈಚೆ ವಾಲಿಸಿ, ಬಗ್ಗಿ, ತಾನಾಗಿ ಬೀಳಲು ಬಿಡು. ಪಕ್ಕದ ಹಲ್ಲುಗಳನ್ನು ಮೆಲ್ಲಗೆ ಉಜ್ಜು, ನೋವೆಂದು ವಾರಗಟ್ಟಲೆ ಬಾಯಿ ತೊಳೆಯದಿರಬೇಡ.

ಎರಡನೆಯ ದಿನಕ್ಕಿಂತ ಮೂರನೆಯ ದಿನ ಊತ ಹೆಚ್ಚು ಕಂಡರೆ ಎದೆಗೆಡಬೇಡ. ಅದರ ಏರು ಇರುವುದೇ ಅಷ್ಟು, ಎರಡು ಮೂರು ದಿನ. ಅರ್ಧ ಮುಖಕ್ಕೆ ಯಕ್ಷಗಾನದ ಬಣ್ಣದ ವೇಷ, ಅರ್ಧ ಮುಖಕ್ಕೆ ಸ್ತ್ರೀವೇಷ ಹಾಕಿದಂತೆ ಕಾಣುತ್ತೀ. ಬಾಯಿ ಎರಡು ಬೆರಳು ಅಗಲ ತೆರೆದರೆ ಹೆಚ್ಚು. ಆಮೇಲೆ ಬಿಸಿ ಶಾಖ ಕೊಡಬಹುದು, ದವಡೆಯನ್ನು ಸ್ವಲ್ಪ ಸ್ವಲ್ಪವೇ ಆಡಿಸಬಹುದು. ಆದರೆ ಮೂರನೆಯ ದಿನದ ನಂತರವೂ ಊತ ಏರುತ್ತಿದ್ದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ, ಇಳಿಯುತ್ತಿದ್ದ ನೋವು ಮತ್ತೆ ಎದ್ದು ಕಿವಿಗೆ ಹೊಡೆದರೆ, ಮರುದಿನ ತುಟಿಯ ಜೋಮು ಹಾಗೆಯೇ ಉಳಿದಿದ್ದರೆ, ನನ್ನನ್ನು ಕೇಳಬೇಡ. ಅಜ್ಜಿಯನ್ನೂ ಕೇಳಬೇಡ. ಡಾಕ್ಟರಲ್ಲಿಗೆ ಹೋಗು. ಉಸಿರಾಡಲೇ ಕಷ್ಟವಾದರಂತೂ ಸೀದಾ ಆಸ್ಪತ್ರೆ.

ಬೊಂಡ ತರಿಸುತ್ತೇನೆ. ಬೊಂಡವೆಂದರೆ ಎಳನೀರು, ಘಟ್ಟದ ಮೇಲಿನವರು ಎಣ್ಣೆಯಲ್ಲಿ ಕರಿಯುವ ಬೋಂಡ ಅಲ್ಲ. ಅದನ್ನು ಸ್ಟ್ರಾ ಹಾಕಿ ಹೀರಲು ಬಿಡುವುದಿಲ್ಲ. ಹೀರಿದರೆ ಬಾಯಿಯೊಳಗಿನ ಗಾಳಿ ಹೆಪ್ಪನ್ನು ಎಳೆಯುತ್ತದೆ, ನನ್ನ ವಿಷಲ್ ತಳ್ಳಿದ ಹಾಗೆ. ಕೆತ್ತಿಸಿ ಲೋಟಕ್ಕೆ ಹೊಯ್ದು ಕುಡಿ. ಊಟಕ್ಕೆ ನಮ್ಮ ಊರಿನವರಿಗೆ ಚಿಂತೆಯೇ ಇಲ್ಲ, ಹುಟ್ಟಿದಂದಿನಿಂದ ಗಂಜಿ ಉಂಡವರು. ಆದರೆ ಕುಚ್ಚಲಕ್ಕಿಯ ಅಗುಳು ದಪ್ಪ, ಗುಳಿಗೆ ಹೋಗಿ ಕೂತರೆ ಎಬ್ಬಿಸುವುದು ಕಷ್ಟ. ಮೊದಲೆರಡು ದಿನ ತಿಳಿ ಮಾತ್ರ, ಆರಿಸಿ, ಚಿಟಿಕೆ ಉಪ್ಪು ಹಾಕಿ. ಆಮೇಲೆ ಅಗುಳನ್ನು ಕೈಯಲ್ಲಿ ಚೆನ್ನಾಗಿ ಹಿಸುಕಿ, ಇನ್ನೊಂದು ಕಡೆಯ ದವಡೆಯಲ್ಲಿ. ರಾಗಿ ಮಣ್ಣಿ, ಮೊಸರು, ಬೆಂದ ಬಾಳೆಹಣ್ಣು, ನಾಲ್ಕನೆಯ ದಿನಕ್ಕೆ ನೀರುದೋಸೆ ತೆಂಗಿನಹಾಲಿನಲ್ಲಿ ನೆನೆಸಿ. ಮೀನು ಬೇಕೇ ಬೇಕೆಂದರೆ ಅಜ್ಜಿ ಕಾಣೆ ಬೇಯಿಸಿ ಮುಳ್ಳು ಬಿಡಿಸಿ ಕೊಟ್ಟಾಳು, ಪುಳಿಮುಂಚಿ ಖಾರ ಇಲ್ಲದೆ. ಕೋರಿರೊಟ್ಟಿಯ ಆಸೆ ಮೂರು ವಾರ ಬಿಡು. ಆ ಒಣರೊಟ್ಟಿಯ ಚೂರು ಗಾಜಿನ ಹಾಗೆ ಚುಚ್ಚುತ್ತದೆ. ಚಕ್ಕುಲಿ, ಹಲಸಿನ ಹಪ್ಪಳವೂ ಅದೇ ಜಾತಿ. ಐಸ್‌ಕ್ರೀಮು ತಿನ್ನು, ಚಮಚದಲ್ಲಿ. ಗಡ್‌ಬಡ್ ಬೇಡ, ಅದರ ತುಂಬ ಗೋಡಂಬಿ, ಹಣ್ಣಿನ ಚೂರು. ಹೆಸರೇ ಗಡಿಬಿಡಿ, ಸಾಲದ್ದಕ್ಕೆ ತಿನ್ನುವವನೂ ನೀನು.

ನೋಡಲು ಬರುವವರು ಬಂದೇ ಬರುತ್ತಾರೆ. ಒಬ್ಬರು ಅರಸಿನ ತುಂಬು ಎನ್ನುತ್ತಾರೆ, ಇನ್ನೊಬ್ಬರು ಲವಂಗದೆಣ್ಣೆ ಸುರಿ ಎನ್ನುತ್ತಾರೆ, ಮೂರನೆಯವರು ಒಂದು ಪೆಗ್ ಬ್ರಾಂಡಿಯಲ್ಲಿ ಬಾಯಿ ಮುಕ್ಕಳಿಸು ಎಂದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಾರೆ. ಡಾಕ್ಟರ ಕೈಯಲ್ಲಿ ಲವಂಗದೆಣ್ಣೆ ಮದ್ದು, ನಮ್ಮ ಕೈಯಲ್ಲಿ ಅದು ಹಸಿ ಮಾಂಸವನ್ನು ಸುಡುವ ಎಣ್ಣೆ. ಎಲ್ಲರಿಗೂ ತಲೆ ಆಡಿಸು. ನಿನಗೆ ಮಾತಾಡಲು ಆಗುವುದಿಲ್ಲ ಎನ್ನುವುದು ಆ ಮೂರು ದಿನದ ದೊಡ್ಡ ಉಪಕಾರ. ಇಡೀ ಮನೆಗೆ ಉಪಕಾರ ಎಂದು ನಿನ್ನ ಅಮ್ಮ ಒಳಗಿನಿಂದ ಹೇಳುತ್ತಿದ್ದಾಳೆ, ಕೇಳಿಸಿತಾ? ಜಿಮ್ಮು ವಾರ ಬಿಟ್ಟು. ಮ್ಯಾಚು ನೋಡಲು ಹೋಗು, ಸ್ಕೋರು ಬರೆ. ಸೀಟಿ ಹೊಡೆಯಬೇಡ.

ಹೊಲಿಗೆ ತೆಗೆದ ಮೇಲೂ ಗುಳಿ ಗುಳಿಯಾಗಿಯೇ ಇರುತ್ತದೆ. ಮೇಲಿನ ಒಸಡು ಕೂಡಲು ಮೂರು ನಾಲ್ಕು ವಾರ, ಒಳಗೆ ಎಲುಬು ತುಂಬಲು ತಿಂಗಳುಗಳು. ಕನ್ನಡಿಯಲ್ಲಿ ನೋಡಿ "ಇನ್ನೂ ತುಂಬಲಿಲ್ಲ" ಎಂದು ನನ್ನ ತಲೆ ತಿನ್ನಬೇಡ. ಇನ್ನೊಂದು ಕಡೆಯದನ್ನು ಮುಂದಿನ ರಜೆಯಲ್ಲಿ ನೋಡೋಣ, ಒಂದೇ ದಿನ ನಾಲ್ಕೂ ಮುಗಿಸಿಬಿಡುತ್ತೇನೆ ಎಂಬ ನಿನ್ನ ಲೆಕ್ಕವನ್ನು ಡಾಕ್ಟರ ಎದುರು ಬಿಚ್ಚಬೇಡ. ಅಲ್ಲ, ಬಿಚ್ಚು. ಅವರು ಏನು ಹೇಳುತ್ತಾರೋ ನಾನೂ ಕೇಳಬೇಕು.

ಮಣಿಪಾಲಕ್ಕೇ ಹೊರಟರೆ ಶನಿವಾರ ನಾನೂ ಬರುತ್ತೇನೆ. ಏಳು ಗಂಟೆಯ ಬಸ್ಸಿಗೆ ಹೋದರೆ ಸಾಲಿನಲ್ಲಿ ಮುಂದೆ ಸಿಗುತ್ತದೆ. ನಿನ್ನನ್ನು ಒಳಗೆ ಕಳಿಸಿ ನಾನು ಟೈಗರ್ ಸರ್ಕಲಿನಲ್ಲಿ ಒಂದು ಚಾ ಕುಡಿದು ಬರುತ್ತೇನೆ. ಬರುವಾಗ ಕಿಟಕಿ ಬದಿಯ ಸೀಟು ನಿನಗೆ, ಊದಿದ ಕೆನ್ನೆ ಗಾಳಿಯ ಕಡೆ ಬೇಡ, ನನ್ನ ಕಡೆ ಇರಲಿ. ಕಂಡಕ್ಟರ್ ಬಂದು ಎಲ್ಲಿಗೆ ಎಂದರೆ ನೀನು ಬಾಯಿ ತೆರೆಯಬೇಡ. ಹೆಜಮಾಡಿ, ಎರಡು ಎಂದು ನಾನು ಹೇಳುತ್ತೇನೆ.